ಪಾರ್ಕಿನ್ಸನ್ ಇರುವವರ ಮರೆವು, ಮಂಕು, ಭ್ರಮೆ: ಡಾಕ್ಟರಿಗೆ ತೋರಿಸುವ ಮುಂಚೆ ಮನೆಯಲ್ಲಿ ಏನು ನೋಡಬೇಕು, ಹೇಗೆ ಬರೆದಿಡಬೇಕು

ಪಾರ್ಕಿನ್ಸನ್ ಇರುವವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಏನೇನು ನೋಡುತ್ತಾರೆ ಅಂತ ಮನೆಯವರಿಗೆಲ್ಲ ಬಾಯಿಪಾಠ ಆಗಿರುತ್ತದೆ. ಹೆಬ್ಬೆರಳಿಗೆ ತೋರುಬೆರಳು ತಟ್ಟಿಸುತ್ತಾರೆ. ಮುಷ್ಟಿ ಬಿಗಿದು ಬಿಡಿಸುತ್ತಾರೆ. ಮೊಣಕೈ ಹಿಡಿದು ಬಿಗಿತ ನೋಡುತ್ತಾರೆ, ಕಾರಿಡಾರಿನಲ್ಲಿ ನಡೆಸುತ್ತಾರೆ. ಕೊನೆಗೆ ಎದ್ದು ಹೊರಡುವಾಗ, "ಮರೆವು ಏನಾದ್ರೂ ಇದೆಯಾ? ನಿದ್ದೆ ಬರುತ್ತಾ?" ಅಂತ ಒಂದು ಮಾತು.

ನಮ್ಮಮ್ಮ ಪ್ರತಿ ಸಲವೂ "ಏನಿಲ್ಲ ಡಾಕ್ಟ್ರೇ, ಚೆನ್ನಾಗಿದ್ದೀನಿ" ಅನ್ನುತ್ತಿದ್ದಳು. ಪಕ್ಕದಲ್ಲಿ ಕೂತ ಅಪ್ಪ ಹೌದು ಅಂತ ತಲೆ ಆಡಿಸುತ್ತಿದ್ದರು. ನಾನೂ ಸುಮ್ಮನಿರುತ್ತಿದ್ದೆ, ಅವಳ ಎದುರಿಗೇ ಹೇಗೆ ಹೇಳುವುದು ಅಂತ. ಹೀಗೆ ಎರಡು ವರ್ಷ ಕಳೆಯಿತು. ಆ ಎರಡು ವರ್ಷದಲ್ಲಿ ಅವಳ ಕೈ ನಡುಕ ನಮಗೆ ಅಂಥ ಕಷ್ಟ ಕೊಡಲಿಲ್ಲ. ಕಷ್ಟ ಆಗಿದ್ದು ಅವಳ ಮನಸ್ಸಿಗೆ ಆಗುತ್ತಿದ್ದ ಬದಲಾವಣೆಯಿಂದ, ಮತ್ತು ಅದನ್ನು ಯಾರ ಹತ್ತಿರವೂ ಹೇಳದೆ ಇದ್ದದ್ದರಿಂದ.

ನಾನು ಡಾಕ್ಟರ್ ಅಲ್ಲ. ಒಂಬತ್ತು ವರ್ಷದಿಂದ ಅಮ್ಮನನ್ನು ನೋಡಿಕೊಳ್ಳುತ್ತಿರುವ ಮಗಳು. ಈ ಬರಹ ನೋಡಿ ನೀವೇ ಕಾಯಿಲೆ ಹೆಸರಿಡಬೇಡಿ, ಮಾತ್ರೆ ಏರಿಸಿ ಇಳಿಸಲೂ ಬೇಡಿ. ಆದರೆ ಒಂದು ಮಾತು ಖಂಡಿತ ಹೇಳುತ್ತೇನೆ. ಹತ್ತು ನಿಮಿಷದ ಭೇಟಿಯಲ್ಲಿ ಡಾಕ್ಟರಿಗೆ ಬೆರಳು ಕಾಣುತ್ತದೆ, ನಡಿಗೆ ಕಾಣುತ್ತದೆ. ರಾತ್ರಿ ಎರಡು ಗಂಟೆಗೆ ಏನಾಯಿತು ಅಂತ ಕಾಣುವುದಿಲ್ಲ. ಅದನ್ನು ನೀವೇ ಕೊಂಡೊಯ್ದು ಅವರ ಮೇಜಿನ ಮೇಲೆ ಇಡಬೇಕು.

ಇದು ಬರೀ ಕೈಕಾಲಿನ ಕಾಯಿಲೆ ಅಲ್ಲ

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆ ಬಗ್ಗೆ ಮೊದಲ ಸಲ ವಿವರವಾಗಿ ಬರೆದಾಗ ಬುದ್ಧಿಗೆ ಏನೂ ಆಗುವುದಿಲ್ಲ ಅಂದಿದ್ದರು. ಬಹಳ ಕಾಲ ಎಲ್ಲರೂ ಅದನ್ನೇ ನಂಬಿದರು. ಈಗ ಹಾಗಿಲ್ಲ. ಮಿದುಳಿನಲ್ಲಿ ಡೋಪಮೈನ್ ಅನ್ನುವ, ಕೈಕಾಲಿನ ಚಲನೆ ನೋಡಿಕೊಳ್ಳುವ ರಾಸಾಯನಿಕ ಮಾಡುವ ಜೀವಕೋಶಗಳ ಜೊತೆಗೆ ಮನಸ್ಸು, ಗಮನ, ನಿದ್ದೆ ನೋಡಿಕೊಳ್ಳುವ ಬೇರೆ ರಾಸಾಯನಿಕಗಳ ಜಾಗಗಳಿಗೂ ಪೆಟ್ಟು ಬೀಳುತ್ತದೆ. ಕೆಲವರಿಗೆ ಖಿನ್ನತೆ, ಗಾಬರಿ, ಕನಸಿನಲ್ಲಿ ಕೈಕಾಲು ಬಡಿಯುವುದು ನಡುಕ ಶುರುವಾಗುವ ಎಷ್ಟೋ ವರ್ಷ ಮುಂಚೆಯೇ ಬಂದಿರುತ್ತದೆ. ಈ ಕಾಯಿಲೆ ಇರುವ ಸುಮಾರು ಮೂವರಲ್ಲಿ ಒಬ್ಬರಿಗೆ ಗಮನ ಕೊಡಬೇಕಾದಷ್ಟು ಖಿನ್ನತೆ ಇರುತ್ತದೆ.

ಡಾಕ್ಟರುಗಳು ಕಾಯಿಲೆ ಅಳೆಯಲು ಬಳಸುವ ದೊಡ್ಡ ಅಳತೆಪಟ್ಟಿ ಒಂದಿದೆ. 2008ರಲ್ಲಿ ಅದನ್ನು ಹೊಸದಾಗಿ ಮಾಡಿದಾಗ ಮೊದಲ ಭಾಗವನ್ನೇ ಇಂಥ ವಿಷಯಕ್ಕೆ ಇಟ್ಟರು. ಅದರಲ್ಲಿ ಡಾಕ್ಟರ್ ತಾವೇ ಕೇಳಬೇಕಾದ ಪ್ರಶ್ನೆ ಆರು: ಯೋಚನೆ ಮತ್ತು ನೆನಪು, ಇಲ್ಲದ್ದು ಕಾಣುವುದು, ಖಿನ್ನತೆ, ಆತಂಕ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮತ್ತೆ ಔಷಧಿಯಿಂದ ಬರುವ ಹತೋಟಿ ತಪ್ಪಿದ ಚಟಗಳು. ಪ್ರತಿಯೊಂದಕ್ಕೂ 0ರಿಂದ 4ರ ತನಕ ಅಂಕ. ಜನ ತುಂಬಿದ ಓಪಿಡಿಯಲ್ಲಿ ಈ ಆರನ್ನೂ ಕೂತು ಕೇಳಲು ಪುರುಸೊತ್ತು ಸಿಗುವುದು ಕಷ್ಟ. ಹಾಗಾಗಿ ಈ ಆರನ್ನು ನೀವು ತಲೆಯಲ್ಲಿಟ್ಟುಕೊಳ್ಳಿ, ಕೇಳದಿದ್ದರೂ ಉತ್ತರ ನಿಮ್ಮ ಹತ್ತಿರ ಸಿದ್ಧವಿರಲಿ.

ಮೊದಲು ಒಂದು ನೋಟ್‌ಬುಕ್

ಎರಡು ವಾರ ಬರೆದರೆ ಸಾಕು. ಎಡಗಡೆ ಗಂಟೆ, ಮಧ್ಯದಲ್ಲಿ ಯಾವ ಮಾತ್ರೆ ಎಷ್ಟು ಹೊತ್ತಿಗೆ ಕೊಟ್ಟಿದ್ದು, ಬಲಗಡೆ ಏನಾಯಿತು. ಇಷ್ಟೇ.

ಬಲಗಡೆ ಬರೆಯುವಾಗ ನಿಮ್ಮ ತೀರ್ಪು ಬರೆಯಬೇಡಿ, ಕಂಡದ್ದನ್ನು ಬರೆಯಿರಿ. ನಾನು ಮೊದಲ ವಾರ "ಅಮ್ಮ ಮಂಕಾಗಿದ್ದಳು", "ಇವತ್ತು ಹಟ" ಅಂತೆಲ್ಲ ಬರೆದಿದ್ದೆ. ಅದರಿಂದ ಯಾರಿಗೂ ಏನೂ ಗೊತ್ತಾಗಲಿಲ್ಲ. ಆಮೇಲೆ ಹೀಗೆ ಬರೆದೆ: "ಸಂಜೆ 4, ಟಿವಿ ಮುಂದೆ ಕೂತಿದ್ದಳು, ನೋಡುತ್ತಿರಲಿಲ್ಲ. ಮೂರನೇ ಸಲ ಕರೆದಾಗ ಓ ಅಂದಳು. 5 ಗಂಟೆಗೆ ತಾನೇ ಎದ್ದು ಹೂ ಕಟ್ಟಿದಳು. ಮಧ್ಯಾಹ್ನದ ಮಾತ್ರೆ 12ಕ್ಕೆ, ಸಂಜೆಯದು 4:15ಕ್ಕೆ." ಇದನ್ನು ಓದಿದ ಡಾಕ್ಟರ್ ತಕ್ಷಣ ಹೇಳಿದರು, ಮಾತ್ರೆಯ ಪ್ರಭಾವ ಇಳಿದಾಗ ಮನಸ್ಸೂ ಇಳಿಯುತ್ತಿದೆ ಅಂತ.

ಇದು ತುಂಬ ಮುಖ್ಯ. ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಔಷಧಿ ಲೆವೊಡೋಪ. ಅದು ಕೆಲಸ ಮಾಡುವ ಹೊತ್ತನ್ನು ಆನ್ ಅನ್ನುತ್ತಾರೆ, ಇಳಿದ ಹೊತ್ತನ್ನು ಆಫ್ ಅನ್ನುತ್ತಾರೆ. ಆಫ್ ಆದಾಗ ಕಾಲು ಅಂಟಿಕೊಂಡ ಹಾಗೆ ಆಗುವುದು ಎಲ್ಲರಿಗೂ ಕಾಣುತ್ತದೆ. ಅದೇ ಹೊತ್ತಿಗೆ ಎದೆ ಡವಡವ ಅನ್ನುವುದು, ಉಸಿರು ಕಟ್ಟಿದ ಹಾಗಾಗುವುದು, ಅಳು ಬರುವುದು, ಯೋಚನೆ ನಿಂತುಬಿಡುವುದು ಕೂಡ ಆಗುತ್ತದೆ. ಹಾರ್ಟ್ ಅಟ್ಯಾಕ್ ಇರಬೇಕು ಅಂತ ನಾವು ಎರಡು ಸಲ ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದ್ದೇವೆ. ಹಾಗೆ ಓಡಿದ್ದು ತಪ್ಪಲ್ಲ, ಎದೆ ನೋವು ಅಂದರೆ ಮೊದಲು ಹೃದಯವನ್ನೇ ನೋಡಿಸಬೇಕು. ಆದರೆ ಇಸಿಜಿ ಎರಡೂ ಸಲ ಸರಿಯಿತ್ತು, ಎರಡೂ ಸಲ ಮಾತ್ರೆ ತಡವಾಗಿತ್ತು. ನೋಟ್‌ಬುಕ್ ಇದ್ದಿದ್ದರೆ ಮೊದಲ ಸಲವೇ ಗೊತ್ತಾಗುತ್ತಿತ್ತು.

ಇನ್ನೊಂದು ಪ್ರಶ್ನೆ ಪ್ರತಿ ತೊಂದರೆಯ ಪಕ್ಕ ಬರೆಯಿರಿ: ಇದು ಬಂದಿದ್ದು ಎಷ್ಟು ಬೇಗ? ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಬಂದ ಗೊಂದಲಕ್ಕೂ ವರ್ಷಗಟ್ಟಲೆ ಮೆಲ್ಲಗೆ ಬಂದ ಮರೆವಿಗೂ ಬಹಳ ವ್ಯತ್ಯಾಸ. ನಿನ್ನೆ ತನಕ ಸರಿಯಿದ್ದವರು ಇವತ್ತು ಹಗಲು ರಾತ್ರಿ ಗೊತ್ತಾಗದ ಹಾಗಿದ್ದರೆ ಅದನ್ನು ಪಾರ್ಕಿನ್ಸನ್ ಮುಂದುವರಿದಿದೆ ಅಂತ ತಿಳಿದು ಮನೆಯಲ್ಲಿ ಕೂರಬೇಡಿ. ಮೂತ್ರದ ಸೋಂಕು, ನ್ಯುಮೋನಿಯಾ, ನೀರು ಕಡಿಮೆಯಾಗಿರುವುದು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ವಾರಗಟ್ಟಲೆ ಮಲಬದ್ಧತೆ, ಬಿದ್ದು ತಲೆಗೆ ಪೆಟ್ಟಾಗಿರುವುದು, ಹೊಸ ಮಾತ್ರೆ, ಇವುಗಳಲ್ಲಿ ಯಾವುದಾದರೂ ಇರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ.

ಮಾತ್ರೆಗಳ ಪಟ್ಟಿ, ಎಲ್ಲವೂ

ನರರೋಗದ ಡಾಕ್ಟರ್ ಕೊಟ್ಟಿದ್ದು ಮಾತ್ರ ಬರೆದರೆ ಸಾಲದು. ಮನೆಯಲ್ಲಿರುವ ಎಲ್ಲ ಡಬ್ಬಿ, ಸ್ಟ್ರಿಪ್ಪು, ಬಾಟಲಿ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ವಯಸ್ಸಾದವರಲ್ಲಿ ಮರೆವು, ಗೊಂದಲ, ಭ್ರಮೆ ತರಬಲ್ಲದು. ಪಾರ್ಕಿನ್ಸನ್‌ಗೇ ಕೊಡುವ ಅಮಾಂಟಡೀನ್ ಕೂಡ ಹಾಗೆ ಮಾಡಬಹುದು. ಮೂತ್ರ ಪದೇ ಪದೇ ಬರುವುದಕ್ಕೆ ಕೊಡುವ ಕೆಲವು ಮಾತ್ರೆ, ಮೆಡಿಕಲ್ ಶಾಪಿನಲ್ಲಿ ನೆಗಡಿಗೆ ಅಂತ ಕೇಳಿ ತಂದ ನಿದ್ದೆ ಬರಿಸುವ ಮಾತ್ರೆ, ಕೆಮ್ಮಿನ ಸಿರಪ್ಪು, ಇವುಗಳಿಗೂ ಅದೇ ಗುಣವಿದೆ.

ನಾಟಿ ಔಷಧಿ, ಆಯುರ್ವೇದದ ಪುಡಿ ಇದ್ದರೆ ಮುಚ್ಚಿಡಬೇಡಿ. ನಸುಗುನ್ನಿ ಬೀಜದಲ್ಲಿ ನಿಜವಾಗಿಯೂ ಲೆವೊಡೋಪ ಇದೆ. ಅತ್ತ ಇಂಗ್ಲಿಷ್ ಮಾತ್ರೆ, ಇತ್ತ ನಸುಗುನ್ನಿ ಪುಡಿ ಎರಡೂ ಸೇರಿದರೆ ಒಟ್ಟು ಎಷ್ಟು ಹೋಗುತ್ತಿದೆ ಅಂತ ಡಾಕ್ಟರಿಗೆ ಲೆಕ್ಕ ಸಿಗುವುದಿಲ್ಲ. ಬೈಯುತ್ತಾರೆ ಅಂತ ಹೆದರಿ ನಮ್ಮ ಮನೆಯಲ್ಲಿ ಆರು ತಿಂಗಳು ಹೇಳಿರಲಿಲ್ಲ.

ಯೋಚನೆ ಮತ್ತು ನೆನಪು

ಮರೆವು ಅಂದ ತಕ್ಷಣ ನಾವು ಹೆಸರು ಮರೆಯುತ್ತಾರಾ, ದಾರಿ ತಪ್ಪುತ್ತಾರಾ ಅಂತ ನೋಡುತ್ತೇವೆ. ಪಾರ್ಕಿನ್ಸನ್‌ನಲ್ಲಿ ಮೊದಲು ಕೆಡುವುದು ಹೆಚ್ಚಾಗಿ ಬೇರೆ. ಒಂದು ಕೆಲಸಕ್ಕೆ ಹೆಜ್ಜೆ ಜೋಡಿಸುವುದು, ಎರಡು ಕೆಲಸ ಒಟ್ಟಿಗೆ ನಡೆಸುವುದು, ಗಮನ ಒಂದೇ ಕಡೆ ಇಡುವುದು, ಅಳತೆ ಅಂದಾಜು ಜಾಗ ಗುರುತಿಸುವುದು. ನೆನಪು ಪೂರ್ತಿ ಅಳಿಸಿರುವುದಿಲ್ಲ, ಹೊರಗೆ ಬರಲು ತಡ ಆಗುತ್ತದೆ. ಸ್ವಲ್ಪ ಸುಳಿವು ಕೊಟ್ಟರೆ "ಹೂಂ, ಅದೇ" ಅಂತ ನೆನಪಾಗುತ್ತದೆ. ಆಲ್ಝೈಮರ್ ಅನ್ನುವ ಮರೆವಿನ ಕಾಯಿಲೆಯಲ್ಲಿ ಸುಳಿವು ಕೊಟ್ಟರೂ ಬರದೆ ಇರುವುದು ಜಾಸ್ತಿ. ಹಾಗಾಗಿ ಮರೆತಾಗ ಒಂದು ಸುಳಿವು ಕೊಟ್ಟು ನೋಡಿ, ಬಂತೋ ಇಲ್ಲವೋ ಬರೆದಿಡಿ.

ನನಗೆ ಮೊದಲು ತಿಳಿದಿದ್ದು ರಂಗೋಲಿಯಲ್ಲಿ. ಅಮ್ಮ ಹದಿನೈದು ಚುಕ್ಕಿಯ ರಂಗೋಲಿಯನ್ನು ಕಣ್ಣು ಮುಚ್ಚಿಕೊಂಡು ಹಾಕುವಂಥವಳು. ಕೈ ನಡುಗಿ ಗೆರೆ ಸೊಟ್ಟ ಆಗುತ್ತಿತ್ತು, ಅದು ನಮಗೆ ಗೊತ್ತಿತ್ತು. ಆದರೆ ಒಂದು ದಿನ ನೋಡಿದರೆ ಗೆರೆ ಹೋಗಬೇಕಾದ ಚುಕ್ಕಿ ಬಿಟ್ಟು ಬೇರೆ ಚುಕ್ಕಿಗೆ ಹೋಗಿತ್ತು. ಒಂದು ಕಡೆ ಸಾಲೇ ಕಡಿಮೆ. ಅವಳಿಗೂ ಏನೋ ಸರಿಯಿಲ್ಲ ಅನ್ನಿಸಿ ಕಾಲಿನಿಂದ ಅಳಿಸಿ ಒಳಗೆ ಬಂದುಬಿಟ್ಟಳು. ಅದು ಕೈಯ ತಪ್ಪಲ್ಲ, ಜಾಗ ಅಳೆಯುವ ಬುದ್ಧಿಯ ತೊಂದರೆ. ಅಡುಗೆಮನೆಯಲ್ಲೂ ಹೀಗೇ. ಒಂದು ಒಲೆಯ ಮೇಲೆ ಬೇಳೆ, ಇನ್ನೊಂದರ ಮೇಲೆ ಪಲ್ಯ ಇಟ್ಟರೆ ಒಂದು ತಳ ಹಿಡಿಯುತ್ತಿತ್ತು. ಒಂದೊಂದೇ ಮಾಡಿದರೆ ರುಚಿಗೆ ಮೊದಲಿನ ಹಾಗೇ ಇರುತ್ತಿತ್ತು.

ನಿಮ್ಮ ಮನೆಯಲ್ಲಿ ಅವರು ನಲವತ್ತು ವರ್ಷದಿಂದ ಮಾಡುತ್ತಿದ್ದ ಕೆಲಸ ಯಾವುದು ಅಂತ ಯೋಚಿಸಿ. ಹಾಲಿನ ಲೆಕ್ಕ, ಅಂಗಡಿ ಚೀಟಿ, ತೋಟಕ್ಕೆ ನೀರು ಬಿಡುವ ಸರದಿ, ಪೂಜೆಯ ಕ್ರಮ, ಪಂಚೆ ಉಡುವುದು, ಬಸ್ಸು ಬದಲಾಯಿಸಿ ಮಗಳ ಮನೆಗೆ ಬರುವುದು. ಆ ಕೆಲಸದಲ್ಲಿ ಎಲ್ಲಿ ಎಡವುತ್ತಾರೆ ಅಂತ ನೋಡಿ. ನೋಡುವಾಗ ಒಂದು ಎಚ್ಚರ ಬೇಕು: ಕೈ ನಿಧಾನವಾಗಿ ಕೆಲಸ ನಿಂತಿತಾ, ಅಥವಾ ಮುಂದೆ ಏನು ಮಾಡಬೇಕು ಅಂತ ತೋಚದೆ ನಿಂತಿತಾ? ಗುಂಡಿ ಹಾಕಲು ಆಗದಿರುವುದು ಬೇರೆ, ಅಂಗಿಯ ತೋಳು ಯಾವುದು ಅಂತ ಗೊತ್ತಾಗದಿರುವುದು ಬೇರೆ. ಯೋಚನೆಯ ತೊಂದರೆಯಿಂದಲೇ ದಿನದ ಬದುಕು ಕೆಟ್ಟಾಗ ಮಾತ್ರ ಡಾಕ್ಟರ್ ಡಿಮೆನ್ಷಿಯಾ ಅನ್ನುವ ಹೆಸರು ಹೇಳುತ್ತಾರೆ. ತೊಂದರೆ ಇದ್ದರೂ ಬದುಕು ಹೇಗೋ ನಡೆಯುತ್ತಿದ್ದರೆ ಅದಕ್ಕೆ ಬೇರೆ ಹೆಸರು.

ಇದನ್ನು ತಿಳಿಯಲು ಡಾಕ್ಟರುಗಳೇ ಬಳಸುವ ಒಂದು ಸರಳ ದಾರಿ ಇದೆ. ಅವರ ಮಾತ್ರೆಗಳ ಬಗ್ಗೆ ಅವರನ್ನೇ ಕೇಳುವುದು. "ಅಮ್ಮ, ನಿಂದು ಬೆಳಿಗ್ಗೆ ಯಾವ ಮಾತ್ರೆ, ಎಷ್ಟು ಗಂಟೆಗೆ, ಎಷ್ಟು?" ತಾವೇ ಹೇಳಿದರೆ ಸರಿ. ಸ್ವಲ್ಪ ನೆನಪಿಸಿದರೆ ಹೇಳುತ್ತಾರೆ ಅಂದರೆ ಒಂದು ಮಾತು. ನೆನಪಿಸಿದರೂ ಗೊತ್ತಿಲ್ಲ, ಬೇರೆಯವರು ಕೊಡದೆ ನಡೆಯುವುದಿಲ್ಲ ಅಂದರೆ ಅದನ್ನು ಡಾಕ್ಟರಿಗೆ ತಿಳಿಸಲೇಬೇಕು. ಮನೆಯಲ್ಲಿ ಮೊದಲಿನಿಂದ ಬೇರೆಯವರೇ ಮಾತ್ರೆ ಕೊಡುತ್ತಿದ್ದರೆ ಈ ಪ್ರಶ್ನೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ, ಅದನ್ನೂ ಹೇಳಿ.

ದಿನದಿಂದ ದಿನಕ್ಕೆ ಏರಿಳಿತ ಇದ್ದರೆ ಅದನ್ನೂ ಬರೆಯಿರಿ. ಮರೆವು ಮತ್ತು ಭ್ರಮೆ ಕೈಕಾಲಿನ ತೊಂದರೆಗಿಂತ ಮುಂಚೆಯೇ ಬಂತಾ, ಅಥವಾ ಒಂದು ವರ್ಷದೊಳಗೆ ಬಂತಾ, ಅಥವಾ ಎಷ್ಟೋ ವರ್ಷದ ನಂತರವಾ ಅನ್ನುವುದನ್ನು ಸಾಧ್ಯವಾದಷ್ಟು ನೆನಪಿಸಿಕೊಂಡು ಬರೆಯಿರಿ. ಲೂಯಿ ಬಾಡಿ ಡಿಮೆನ್ಷಿಯಾ ಅನ್ನುವ ಹತ್ತಿರದ ಕಾಯಿಲೆಯನ್ನು ಬೇರೆ ಮಾಡಲು ಡಾಕ್ಟರುಗಳು ಆ ಒಂದು ವರ್ಷದ ಗೆರೆಯನ್ನೇ ನೋಡುತ್ತಾರೆ.

ಅರವತ್ತಕ್ಕೆ ಅರಳುಮರಳು ಅಂತ ತಳ್ಳಿಹಾಕುವ ಮುಂಚೆ ಬಿ12, ಥೈರಾಯ್ಡ್ ರಕ್ತಪರೀಕ್ಷೆ ಆಗಿದೆಯಾ ಕೇಳಿ, ಸಸ್ಯಾಹಾರಿ ಮನೆಗಳಲ್ಲಿ ಬಿ12 ಕಡಿಮೆ ಇರುವುದು ಬಹಳ ಸಾಮಾನ್ಯ. ಕಿವಿ ಕೇಳಿಸದೆ ಇರುವುದನ್ನು ನಾವು ಮರೆವು ಅಂದುಕೊಂಡಿರಬಹುದು. ಬಿಪಿ ಮಿಷನ್ ಇದ್ದರೆ ಮಲಗಿದ್ದಾಗ ಒಂದು ಸಲ, ಎದ್ದು ನಿಂತು ಮೂರು ನಿಮಿಷದ ಒಳಗೆ ಒಂದು ಸಲ ನೋಡಿ. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಬರೆದಿಡಿ. ನಿಂತಾಗ ತಲೆ ಮಂಜಾಗುವುದಕ್ಕೆ ಅದೂ ಕಾರಣ ಇರಬಹುದು.

ಬೇಸರವೋ, ಖಿನ್ನತೆಯೋ, ಆಸಕ್ತಿಯೇ ಇಲ್ಲವೋ

ಇಲ್ಲಿ ಮನೆಯವರು ಬಹಳ ಎಡವುತ್ತೇವೆ. ಪಾರ್ಕಿನ್ಸನ್‌ನಲ್ಲಿ ಮುಖದ ಸ್ನಾಯುಗಳು ಬಿಗಿಯಾಗಿ ಮುಖದಲ್ಲಿ ಭಾವನೆ ಕಾಣುವುದಿಲ್ಲ, ದನಿಯೂ ಸಣ್ಣದಾಗುತ್ತದೆ. ನೋಡಿದವರು "ಯಾಕೆ ಯಾವಾಗಲೂ ಮುಖ ಬಾಡಿದೆ" ಅನ್ನುತ್ತಾರೆ. ಒಳಗೆ ಅವರು ಸಂತೋಷವಾಗಿಯೇ ಇರಬಹುದು. ಇದರ ಉಲ್ಟಾನೂ ಆಗುತ್ತದೆ. ನಿದ್ದೆ ಇಲ್ಲ, ಊಟ ಸೇರಲ್ಲ, ಸುಸ್ತು, ಎಲ್ಲವೂ ಪಾರ್ಕಿನ್ಸನ್ನೇ ಅಂದುಕೊಂಡು ನಿಜವಾದ ಖಿನ್ನತೆಯನ್ನು ಬಿಟ್ಟುಬಿಡುತ್ತೇವೆ. ಆದ್ದರಿಂದ ಮುಖ ನೋಡಿ ನಿರ್ಧರಿಸಬೇಡಿ, ಬಾಯಿಬಿಟ್ಟು ಕೇಳಿ. "ಮನಸ್ಸಿಗೆ ಹೇಗಿದೆ?" ಅಂದರೆ "ಇದೆ" ಅಂತಾರೆ. "ಮೊದಲು ಇಷ್ಟ ಆಗ್ತಿದ್ದದ್ದು ಈಗಲೂ ಇಷ್ಟ ಆಗುತ್ತಾ? ಯಾರಿಗೂ ಬೇಡವಾದೆ ಅನ್ನಿಸುತ್ತಾ? ಬೆಳಿಗ್ಗೆ ಎದ್ದಾಗ ದಿನ ಹೇಗೆ ಕಳೆಯೋದು ಅನ್ನಿಸುತ್ತಾ?" ಹೀಗೆ ಕೇಳಿ.

ಆಸಕ್ತಿ ಹೋಗುವುದು ಖಿನ್ನತೆಗಿಂತ ಬೇರೆ ಸಂಗತಿ. ಅಂಥವರಿಗೆ ದುಃಖ ಇರುವುದಿಲ್ಲ, ತಪ್ಪು ಮಾಡಿದೆ ಅನ್ನುವ ಕೊರಗು ಇರುವುದಿಲ್ಲ. ಸುಮ್ನೆ ಕೂತಿರುತ್ತಾರೆ, ತಾವಾಗಿ ಏನೂ ಶುರು ಮಾಡುವುದಿಲ್ಲ. ಆದರೆ ಕೈಹಿಡಿದು ಮದುವೆ ಮನೆಗೆ ಕರೆದುಕೊಂಡು ಹೋದರೆ ಅಲ್ಲಿ ಎಲ್ಲರ ಜೊತೆ ಚೆನ್ನಾಗಿ ಮಾತಾಡುತ್ತಾರೆ, ಊಟ ಮಾಡುತ್ತಾರೆ. ಖಿನ್ನತೆ ಇದ್ದವರಿಗೆ ಅಲ್ಲಿಯೂ ಏನೂ ರುಚಿಸುವುದಿಲ್ಲ. ಎರಡೂ ಒಟ್ಟಿಗೆ ಇರುವುದೂ ಉಂಟು. ಅಪ್ಪ ಅಮ್ಮನಿಗೆ ದಿನವೂ "ಸೋಮಾರಿ ಆಗ್ಬಿಟ್ಟೆ ನೀನು, ಮನಸ್ಸು ಮಾಡಬೇಕು" ಅನ್ನುತ್ತಿದ್ದರು. ಅದು ಸೋಮಾರಿತನ ಅಲ್ಲ, ಕಾಯಿಲೆಯ ಭಾಗ ಅಂತ ಡಾಕ್ಟರ್ ಬಾಯಿಂದ ಕೇಳಿದ ದಿನ ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಸಾಯುವ ಮಾತು ಬಂದರೆ ಸುಮ್ಮನೆ ಬಿಡಬೇಡಿ. "ದೇವರು ಬೇಗ ಕರ್ಕೊಂಡ್ರೆ ಸಾಕು" ಅನ್ನುವುದು ನಮ್ಮಲ್ಲಿ ಹಿರಿಯರ ಬಾಯಲ್ಲಿ ಮಾಮೂಲಿ ಮಾತು, ಅದಕ್ಕೇ ಯಾರೂ ಗಮನಿಸುವುದಿಲ್ಲ. ನೇರವಾಗಿ ಕೇಳಿ: "ನೀನೇ ಏನಾದ್ರೂ ಮಾಡ್ಕೋಬೇಕು ಅಂತ ಅನ್ನಿಸಿದೆಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವ ಭಯ ಬೇಡ, ಹಾಗಾಗುವುದಿಲ್ಲ. ಹೌದು ಅಂದರೆ ಒಬ್ಬರೇ ಬಿಡಬೇಡಿ, ಮಾತ್ರೆ, ಕೀಟನಾಶಕ ಎಲ್ಲ ಕೈಗೆ ಸಿಗದ ಕಡೆ ಇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇಲ್ಲದ್ದು ಕಾಣುವುದು

ಒಂದು ಮಧ್ಯಾಹ್ನ ಅಮ್ಮ ನನ್ನ ಕೈಗೆ ಎರಡು ತಟ್ಟೆ ಕೊಟ್ಟು, "ಜಗಲಿ ಮೇಲೆ ಮಕ್ಕಳು ಕೂತಿವೆ, ಹಸಿದಿರ್ತಾವೆ, ಅನ್ನ ಹಾಕು" ಅಂದಳು. ಜಗಲಿ ಮೇಲೆ ಯಾರೂ ಇರಲಿಲ್ಲ. ಅವಳಿಗೆ ಹೆದರಿಕೆ ಇರಲಿಲ್ಲ, ಮಕ್ಕಳ ಮೇಲೆ ಕನಿಕರ ಇತ್ತು. ಹೆದರಿದ್ದು ನಾನು. ಗಾಳಿ ಸೋಕಿರಬೇಕು ಅಂತ ಚಿಕ್ಕಮ್ಮ ಯಂತ್ರ ಕಟ್ಟಿಸಿಕೊಂಡು ಬಂದರು.

ಇದು ಹೆಚ್ಚಾಗಿ ಏಕಾಏಕಿ ಶುರುವಾಗುವುದಲ್ಲ. ಮೊದಲು ಪಕ್ಕದಲ್ಲಿ ಯಾರೋ ಹಾದುಹೋದ ಹಾಗೆ ಅನ್ನಿಸುತ್ತದೆ, ಬೆಕ್ಕು ಸರಿದ ಹಾಗೆ. ಹಿಂದೆ ಯಾರೋ ನಿಂತ ಹಾಗೆ. ಗೂಟಕ್ಕೆ ನೇತುಹಾಕಿದ ಶರ್ಟು ಮನುಷ್ಯನ ಹಾಗೆ ಕಾಣುತ್ತದೆ. ಆಮೇಲೆ ಮಕ್ಕಳು, ಪ್ರಾಣಿಗಳು, ತೀರಿಕೊಂಡ ಬಂಧುಗಳು ಸ್ಪಷ್ಟವಾಗಿ ಕಾಣುತ್ತಾರೆ. ಹುಚ್ಚು ಅಂತಾರೆ ಅನ್ನುವ ನಾಚಿಕೆಯಿಂದ ಯಾರೂ ತಾವಾಗಿ ಹೇಳುವುದಿಲ್ಲ. ಹೀಗೆ ಕೇಳಿ ನೋಡಿ: "ಅಮ್ಮ, ಈ ಕಾಯಿಲೆ ಇದ್ದವರಿಗೆ, ಈ ಮಾತ್ರೆ ತಗೊಳ್ಳೋರಿಗೆ ಕೆಲವು ಸಲ ಯಾರೋ ಕಂಡ ಹಾಗಾಗುತ್ತಂತೆ. ನಿಂಗೂ ಹಾಗೆ ಆಗುತ್ತಾ?" ಹಾಗೆ ಕೇಳಿದ ಮೇಲೆ ಅಮ್ಮ ನಾಲ್ಕು ತಿಂಗಳಿಂದ ಬೆಕ್ಕು ಕಾಣುತ್ತಿತ್ತು ಅಂದಳು.

ಬರೆಯಬೇಕಾದದ್ದು: ಏನು ಕಂಡಿತು, ಬೆಳಕಿತ್ತಾ ಕತ್ತಲಿತ್ತಾ, ಹೆದರಿಕೆ ಆಯಿತಾ, ಅದು ನಿಜವಲ್ಲ ಅನ್ನುವ ಅರಿವು ಅವರಿಗೆ ಇದೆಯಾ, ಅದನ್ನು ನಂಬಿ ಏನಾದರೂ ಮಾಡಲು ಹೋದರಾ. ಈ ಕೊನೆಯ ಎರಡು ತುಂಬ ಮುಖ್ಯ. ಅರಿವು ಇರುವ ತನಕ ಡಾಕ್ಟರ್ ಅವಸರ ಪಡದೆ ಮಾತ್ರೆ ಸರಿಮಾಡುತ್ತಾ ಹೋಗಬಹುದು. ಅರಿವು ಹೋಗಿ ಅನುಮಾನ ಶುರುವಾದರೆ, ಗಂಡನಿಗೆ ಬೇರೆ ಸಂಬಂಧ ಇದೆ, ಸೊಸೆ ಒಡವೆ ಕದ್ದಳು ಅಂತ ನಂಬಿದರೆ, ಅದು ಮನೆಯನ್ನೇ ಒಡೆಯುತ್ತದೆ, ತಡಮಾಡಬೇಡಿ. ಅವರ ಜೊತೆ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ಲೈಟ್ ಹಾಕಿ, ಶರ್ಟು ಒಳಗಿಡಿ, ಕಣ್ಣಿಗೆ ಪೊರೆ ಬಂದಿದ್ದರೆ ತೋರಿಸಿ.

ರಾತ್ರಿ ಕೂಗುವುದು, ಒದೆಯುವುದು ಇದ್ದರೆ ಅದು ಕಣ್ಣು ಮುಚ್ಚಿ ನಿದ್ದೆಯಲ್ಲೋ, ಎಚ್ಚರವಾಗಿದ್ದಾಗಲೋ ನೋಡಿ. ಕನಸಿಗೆ ತಕ್ಕ ಹಾಗೆ ಕೈಕಾಲು ಆಡಿಸುವುದು ಬೇರೆ ತೊಂದರೆ, ಅದಕ್ಕೆ ಚಿಕಿತ್ಸೆಯೂ ಬೇರೆ. ಫೋನಿನಲ್ಲಿ ಒಂದು ನಿಮಿಷದ ವಿಡಿಯೋ ತೆಗೆದರೆ ಸಾಕು, ಆದರೆ ಅದನ್ನು ಡಾಕ್ಟರಿಗೆ ಬಿಟ್ಟು ಬೇರೆ ಯಾರಿಗೂ ಕಳಿಸಬೇಡಿ.

ತುರ್ತು ವಿಭಾಗದಲ್ಲಿ ರೋಗಿ ಗಲಾಟೆ ಮಾಡಿದರೆ ಹ್ಯಾಲೋಪೆರಿಡಾಲ್ ಇಂಜೆಕ್ಷನ್ ಕೊಡುವುದುಂಟು. ಪಾರ್ಕಿನ್ಸನ್ ಇರುವವರಿಗೆ ಅದು ಮೈ ಪೂರ್ತಿ ಬಿಗಿಯುವ ಹಾಗೆ ಮಾಡಬಹುದು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಕೈಕಾಲಿನ ತೊಂದರೆ ಹೆಚ್ಚಿಸುತ್ತದೆ. "ಪಾರ್ಕಿನ್ಸನ್ ಇದೆ, ಹ್ಯಾಲೋಪೆರಿಡಾಲ್, ಮೆಟೊಕ್ಲೊಪ್ರಮೈಡ್ ಕೊಡುವ ಮುಂಚೆ ನಮ್ಮ ನರರೋಗ ಡಾಕ್ಟರನ್ನು ಕೇಳಿ" ಅಂತ ದೊಡ್ಡ ಅಕ್ಷರದಲ್ಲಿ ಬರೆದು ಫೈಲಿನ ಮೊದಲ ಪುಟಕ್ಕೆ ಅಂಟಿಸಿ. ಭ್ರಮೆಗೆ ಇವರಿಗೆ ಹೊಂದುವ ಬೇರೆ ಔಷಧಿಗಳಿವೆ, ಕ್ವಿಟಿಯಾಪಿನ್, ಕ್ಲೋಜಪಿನ್ ಅಂಥವು. ಯಾವುದು, ಎಷ್ಟು ಅನ್ನುವುದು ಅವರ ಕೆಲಸ.

ಹೇಳಲು ನಾಚಿಕೆಯಾಗುವ ವಿಷಯ

ಪಾರ್ಕಿನ್ಸನ್‌ಗೆ ಕೊಡುವ, ಡೋಪಮೈನ್ ಹಾಗೆ ಕೆಲಸ ಮಾಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ತರಹದ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಆಸೆಗಳು ಹತೋಟಿ ತಪ್ಪುತ್ತವೆ. 2010ರಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ ಈ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಶೇಕಡಾ 17ರಷ್ಟು ಜನರಿಗೆ ಹೀಗಾಗಿತ್ತು, ತೆಗೆದುಕೊಳ್ಳದವರಲ್ಲಿ ಶೇಕಡಾ 7ರಷ್ಟು. ಜೂಜು, ಮಿತಿಮೀರಿ ಖರೀದಿ, ರಾತ್ರಿ ಎದ್ದು ಸಿಹಿ ತಿನ್ನುವುದು, ಲೈಂಗಿಕ ಆಸೆ ವಿಪರೀತ ಆಗುವುದು. ಕೆಲವರು ರೇಡಿಯೋ ಬಿಚ್ಚಿ ಜೋಡಿಸುವುದು, ಮೊಳೆ ಆಯ್ದು ಬೇರೆ ಮಾಡುವುದು, ಹೀಗೆ ಒಂದೇ ಕೆಲಸ ಗಂಟೆಗಟ್ಟಲೆ ಮಾಡುತ್ತಿರುತ್ತಾರೆ.

ಮರ್ಯಾದಸ್ಥ ಹಿರಿಯರು ಆನ್‌ಲೈನ್ ರಮ್ಮಿಯಲ್ಲಿ ಪೆನ್ಷನ್ ದುಡ್ಡು ಕಳೆದರೆ ಮನೆಯವರು ಅವರ ನಡತೆಯನ್ನೇ ದೂರುತ್ತಾರೆ. ಕಾರಣ ಮಾತ್ರೆ ಇರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಬ್ಯಾಂಕ್ ಪಾಸ್‌ಬುಕ್, ಯುಪಿಐ ಲೆಕ್ಕ ತಿಂಗಳಿಗೊಮ್ಮೆ ನೋಡಿ. ಗಂಡನ ಬಗ್ಗೆ ಹೆಂಡತಿಯನ್ನು, ಹೆಂಡತಿಯ ಬಗ್ಗೆ ಗಂಡನನ್ನು ಬೇರೆಯಾಗಿ ಕೇಳಬೇಕು. ಮಗ ಅಥವಾ ಮಗಳು ಕೇಳಿದರೆ ಹೇಳುವುದಿಲ್ಲ, ಡಾಕ್ಟರ್ ಅಥವಾ ನರ್ಸ್ ಕೇಳಿದರೆ ಹೇಳುತ್ತಾರೆ. ಗೊತ್ತಾದ ಮೇಲೆ ಮಾತ್ರೆಯನ್ನು ನೀವೇ ಏಕ್‌ದಂ ನಿಲ್ಲಿಸಬೇಡಿ, ನಿಲ್ಲಿಸಿದರೆ ವಿಪರೀತ ಆತಂಕ, ಸಂಕಟ ಆಗಬಹುದು. ಮೆಲ್ಲಗೆ ಇಳಿಸಬೇಕು.

ಪರೀಕ್ಷೆಯ ದಿನ

ನೆನಪಿನ ಪರೀಕ್ಷೆಗಳಲ್ಲಿ ಹೆಚ್ಚು ಕೇಳಿಬರುವುದು ಮೋಕಾ, 30 ಅಂಕದ್ದು, ಸುಮಾರು ಹತ್ತು ನಿಮಿಷ. ಗಡಿಯಾರ ಬರೆಯುವುದು, ಐದು ಪದ ನೆನಪಿಟ್ಟುಕೊಳ್ಳುವುದು, ನೂರರಿಂದ ಏಳು ಏಳು ಕಳೆಯುತ್ತಾ ಹೋಗುವುದು, ಹೀಗೆ ಇರುತ್ತದೆ. ಅದು ಕನ್ನಡದಲ್ಲೂ ಇದೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಮ್ಮ ಭಾಷೆಗಳಿಗೆ ಅಂತ ಸಿದ್ಧ ಮಾಡಿಸಿದ ಪರೀಕ್ಷೆಗಳಲ್ಲೂ ಕನ್ನಡ ಇದೆ. ಮನೆಮಾತು ಕನ್ನಡ ಆಗಿದ್ದರೆ ಕನ್ನಡದಲ್ಲೇ ಮಾಡಿ ಅಂತ ಕೇಳಿ. ಇಂಗ್ಲಿಷಿನಲ್ಲಿ ಕೇಳಿ ಬಾಯಲ್ಲಿ ತರ್ಜುಮೆ ಮಾಡಿದರೆ ಅಂಕಕ್ಕೆ ಅರ್ಥ ಇಲ್ಲ.

26 ಮತ್ತು ಅದಕ್ಕಿಂತ ಮೇಲೆ ಬಂದರೆ ಸರಿ ಅಂತ ಮೊದಲು ಹೇಳಿದ್ದರು, 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುತ್ತಾರೆ. ಆ ಗೆರೆಯನ್ನು ಕೆನಡಾದಲ್ಲಿ, ಚೆನ್ನಾಗಿ ಓದಿದವರನ್ನು ನೋಡಿ ಎಳೆದಿದ್ದು. ನಾಲ್ಕನೇ ಕ್ಲಾಸು ಓದಿದ ಅಜ್ಜಿಗೆ 19 ಬಂತು ಅಂತ ಕಂಗಾಲಾಗಬೇಡಿ. ಅವರು ಎಷ್ಟು ಓದಿದ್ದಾರೆ ಅಂತ ಪರೀಕ್ಷೆ ಮಾಡುವವರಿಗೆ ಮೊದಲೇ ಹೇಳಿ. ಓದು ಬರಹ ಇಲ್ಲದವರಿಗೆ ಅಂತ ಬೇರೆ ಪರೀಕ್ಷೆಗಳಿವೆ, ಕೇಳಿ. ಒಂದು ಸಲದ ಅಂಕಕ್ಕಿಂತ ಅದೇ ಪರೀಕ್ಷೆಯನ್ನು ವರ್ಷ ಬಿಟ್ಟು ಮಾಡಿದಾಗ ಎಷ್ಟು ಇಳಿದಿದೆ ಅನ್ನುವುದರಿಂದ ಹೆಚ್ಚು ತಿಳಿಯುತ್ತದೆ.

ದಯವಿಟ್ಟು ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಬೇಡಿ. ಅಕ್ಕರೆಯಿಂದಲೇ ಮಾಡಿಸುತ್ತೇವೆ, ಆದರೆ ನಿಜವಾದ ತೊಂದರೆ ಮುಚ್ಚಿಹೋಗುತ್ತದೆ. ಪರೀಕ್ಷೆ ನಡೆಯುವಾಗ ಪಕ್ಕದಿಂದ ಉತ್ತರ ಹೇಳಿಕೊಡಬೇಡಿ, ಮೊಮ್ಮಕ್ಕಳು ಜೊತೆಗಿದ್ದರೆ ಹೊರಗೆ ಕೂರಿಸಿ. ಮಾತ್ರೆ ತೆಗೆದುಕೊಂಡು ಆನ್ ಇರುವ ಹೊತ್ತಿಗೆ ಪರೀಕ್ಷೆ ನಡೆಯಲಿ. ಸರದಿ ತಡವಾಗಿ ಆಫ್ ಆಗಿಬಿಟ್ಟಿದ್ದರೆ ಹೇಳಿ, ಇನ್ನೊಂದು ದಿನ ಕೊಡಲು ಕೇಳಿ. ಕನ್ನಡಕ, ಕಿವಿ ಮಿಷನ್ ಮರೆಯಬೇಡಿ. ಜ್ವರ ಬಂದು ಎದ್ದ ವಾರ, ಆಸ್ಪತ್ರೆಯಿಂದ ಬಿಡುಗಡೆಯಾದ ವಾರ, ಹಿಂದಿನ ರಾತ್ರಿ ನಿದ್ದೆಗೆಟ್ಟ ದಿನ ಈ ಪರೀಕ್ಷೆ ಬೇಡ.

ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ನರರೋಗ ಮತ್ತು ಮನೋರೋಗದ ಡಾಕ್ಟರುಗಳು ಒಂದೇ ಆವರಣದಲ್ಲಿ ಸಿಗುತ್ತಾರೆ. ಬೇರೆ ಊರುಗಳಲ್ಲಿ ಇಬ್ಬರನ್ನೂ ಬೇರೆ ಬೇರೆ ಕಡೆ ನೋಡಬೇಕಾದರೆ ಒಬ್ಬರು ಬರೆದ ಚೀಟಿ ಇನ್ನೊಬ್ಬರಿಗೆ ತೋರಿಸದೆ ಮಾತ್ರೆ ಶುರು ಮಾಡಬೇಡಿ. ನೆನಪಿನ ತೊಂದರೆಗೆ ರಿವಾಸ್ಟಿಗ್ಮಿನ್, ಖಿನ್ನತೆಗೆ ಮಾತ್ರೆ ಮತ್ತು ಮಾತಿನ ಚಿಕಿತ್ಸೆ, ಹೀಗೆ ಮಾಡಬಹುದಾದದ್ದು ಬಹಳ ಇದೆ.

ಡಾಕ್ಟರ ಮುಂದೆ ಅಮ್ಮನ ಎದುರಿಗೇ "ಇವಳಿಗೆ ಭ್ರಮೆ" ಅನ್ನಬೇಡಿ. ಎರಡು ವಾರದ ನೋಟ್‌ಬುಕ್ಕನ್ನು ಒಂದು ಪುಟಕ್ಕೆ ಇಳಿಸಿ, ಮೇಲೆ ನಿಮಗೆ ಎಲ್ಲಕ್ಕಿಂತ ಕಷ್ಟವಾಗಿರುವ ಮೂರು ಸಂಗತಿ ಬರೆದು, ಒಳಗೆ ಹೋಗುವ ಮುಂಚೆಯೇ ನರ್ಸ್ ಕೈಗೆ ಕೊಡಿ. ಹಿಂದಿನ ರಾತ್ರಿ ಅಮ್ಮನಿಗೂ ಹೇಳಿಬಿಡಿ: "ನಾಳೆ ಇದನ್ನೆಲ್ಲ ಡಾಕ್ಟರಿಗೆ ಹೇಳ್ತೀನಿ, ನಿಂಗೆ ಬೇಜಾರಾ?" ಬಚ್ಚಿಟ್ಟು ಹೇಳಿದರೆ ಅನುಮಾನ ಬೆಳೆಯುತ್ತದೆ. ಜೊತೆಗೆ ಐದು ನಿಮಿಷ ಅವರೊಬ್ಬರೇ ಡಾಕ್ಟರ ಜೊತೆ ಮಾತಾಡಲಿ, ಐದು ನಿಮಿಷ ನೀವು. ಅವರಿಗೂ ನಮ್ಮ ಬಗ್ಗೆ ಹೇಳಲು ಇರುತ್ತದೆ ಅಲ್ವಾ. ಪುಟದ ಕೊನೆಗೆ ನೋಡಿಕೊಳ್ಳುವವರ ನಿದ್ದೆ, ಬಿಪಿ, ಸುಸ್ತು ಹೇಗಿದೆ ಅಂತಲೂ ಎರಡು ಸಾಲು ಬರೆಯಿರಿ. ಅಪ್ಪನ ಬಗ್ಗೆ ನಾನು ಬರೆದಿದ್ದ ಆ ಎರಡು ಸಾಲು ಓದಿಯೇ ಡಾಕ್ಟರ್ ಅವರ ಬಿಪಿ ನೋಡಿದರು, ತುಂಬ ಜಾಸ್ತಿ ಇತ್ತು.

ಮಾತ್ರೆ ಬದಲಾದ ಮೇಲೆ ಮತ್ತೆ ಎರಡು ವಾರ ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಲು ಸಾಧ್ಯವಾ ಅಂತ ಕೇಳಿ, ಆಗ ಯಾವುದರಿಂದ ಏನಾಯಿತು ಅಂತ ತಿಳಿಯುತ್ತದೆ. ನಮ್ಮ ನೋಟ್‌ಬುಕ್ ನೋಡಿದಾಗ ಸಿಕ್ಕಿದ್ದು ಇದು: ಮಕ್ಕಳು ಜಗಲಿಗೆ ಬರಲು ಶುರುವಾಗಿದ್ದು ನಡುಕಕ್ಕೆ ಅಂತ ಕೊಡುತ್ತಿದ್ದ ಟ್ರೈಹೆಕ್ಸಿಫೆನಿಡಿಲ್ ಜಾಸ್ತಿ ಮಾಡಿದ ಮೂರು ವಾರಕ್ಕೆ. ಬೆಕ್ಕು ಕಾಣತೊಡಗಿದ್ದು ಅದನ್ನು ಮೊದಲು ಶುರು ಮಾಡಿದ ತಿಂಗಳಲ್ಲಿ. ಡಾಕ್ಟರ್ ಅದನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. ನಿಲ್ಲಿಸಿದ ಹನ್ನೊಂದನೇ ದಿನದ ಸಾಲಿನಲ್ಲಿ ಹೀಗಿದೆ: "ಮಧ್ಯಾಹ್ನ 1, ಅಮ್ಮ ಜಗಲಿ ನೋಡಿ ಬಂದಳು. ಮಕ್ಕಳು ಬಂದಿಲ್ಲ ಅಂದಳು. ಊಟ ಮಾಡಿದಳು. ಬಲಗೈ ನಡುಕ ಮೊದಲಿಗಿಂತ ಜಾಸ್ತಿ."